ಒಂದೇ ಥಾನಿನ ಬಟ್ಟೆ

ಮುಂದಿನ ಸೀಟಿನವನ ಕೋಟಿಗೆ ಹೆಗಲ ಹತ್ತಿರ ಹೊಲಿಗೆ ಬಿಟ್ಟಿದೆ, ಬಸ್ಸು ಕುಲುಕಿದಾಗಲೆಲ್ಲ ಒಳಗಿನ ಬಿಳಿ ಅಸ್ತರು ಇಣುಕಿ ಮತ್ತೆ ಮರೆಯಾಗುತ್ತದೆ, ಯಾರೋ ಅವಸರಕ್ಕೆ ಒಂಟಿ ದಾರದಲ್ಲಿ ಎಳೆದು ಕೈತೊಳೆದುಕೊಂಡಿದ್ದಾರೆ, ಹೀಗೆ ಹೊಲಿದರೆ ಬಿಡದೆ ಇನ್ನೇನು, ನನ್ನ ಕೈಚೀಲದಲ್ಲಿ ಸೂಜಿ ಇದೆ, ಕಪ್ಪು ದಾರವೂ ಇದೆ, ಸ್ವಲ್ಪ ಅಲ್ಲಾಡದೆ ಕೂತಿರಿ ಅಂದರೆ ಸೇತುವೆ ಬರುವಷ್ಟರಲ್ಲಿ ಮುಗಿಸಿಬಿಡುತ್ತೇನೆ — ನನಗೇನು ತಲೆ ಕೆಟ್ಟಿದೆಯೇ, ಇಂಥ ದಿನ, ಇಂಥ ಮಾತು ಕಿವಿಗೆ ಬಿದ್ದ ದಿನ, ಯಾರದೋ ಕೋಟಿನ ಹೊಲಿಗೆ ನೋಡುತ್ತ ಕೂತಿದ್ದೇನೆ. ಪಕ್ಕದಲ್ಲಿ ಅಕ್ಕ ನಿದ್ದೆ ಹೋಗಿದ್ದಾಳೆ. ಆಸ್ಪತ್ರೆಯ ಎದುರು ಬಸ್ಸು ಹತ್ತಿದವಳು ಕಿಟಕಿ ಪಕ್ಕ ಕೂತದ್ದೇ ತಡ, ಸೂಜಿ, ಇಳಿಯೋ ಹೊತ್ತಿಗೆ ಎಬ್ಬಿಸು ಅಂದಳು, ಅಷ್ಟೇ, ನಾನು ಹೂಂ ಅನ್ನುವ ಮೊದಲೇ ಮುಖ ಆಚೆ ತಿರುಗಿಸಿ ನಿದ್ದೆಗೆ ಜಾರಿಬಿಟ್ಟಳು. ನಾನು ಪರದೆ ಹೊಲಿಯುವವಳು, ಅದಕ್ಕೇ ಅವಳಿಗೆ ನಾನು ಸೂಜಿ, ನನ್ನ ನಿಜವಾದ ಹೆಸರು ಅವಳ ಬಾಯಲ್ಲಿ ಬರುವುದು ಜಗಳ ಆದಾಗ ಮಾತ್ರ. ಈಗ ನನಗೆ ಕಾಣುವುದು ಅವಳ ಒಂದು ಕಿವಿ, ಬಿಸಿಲಿಗೆ ಸುಟ್ಟ ಕತ್ತು, ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದ ಎರಡು ಕೈ, ಅಗಲವಾದ ಕೈ, ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ ಕೈ. ತಿಂಗಳುಗಟ್ಟಲೆ ನಿದ್ದೆ ಬಾಕಿ ಇತ್ತು ಅವಳಿಗೆ. ನನಗೂ ಇತ್ತು, ನನಗೆ ಬರುತ್ತಿಲ್ಲ. ಅಮ್ಮನಿಗೆ ಹೇಳಬೇಕು, ಬೆಳಿಗ್ಗೆಯಿಂದ ಕಾಯುತ್ತಿರುತ್ತಾಳೆ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಅದರ ಮುಖವನ್ನೇ ನೋಡುತ್ತ, ಆದರೆ ಏನಂತ ಹೇಳಲಿ, ಎಲ್ಲಿಂದ ಶುರುಮಾಡಲಿ, ಇದರ ತಲೆ ಯಾವುದು ಬಾಲ ಯಾವುದು.

ಅಕ್ಕ ಕ್ರೇನು ನಡೆಸುತ್ತಾಳೆ. ಎತ್ತರದ ಕಟ್ಟಡ ಏಳುವ ಕಡೆ ಅದಕ್ಕಿಂತ ಎತ್ತರಕ್ಕೆ ಹಳದಿ ಬಣ್ಣದ ಕಬ್ಬಿಣದ ಗೋಪುರ ನಿಲ್ಲಿಸುತ್ತಾರಲ್ಲ, ಅದರ ನೆತ್ತಿಯಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ನಮ್ಮಕ್ಕ. ಕೆಳಗಿನವರು ಅವಳನ್ನು ಮೇಲಿನಕ್ಕ ಅನ್ನುತ್ತಾರೆ, ಮೇಲಿನಕ್ಕ ಸ್ವಲ್ಪ ಎಡಕ್ಕೆ, ಮೇಲಿನಕ್ಕ ಇಳಿಸಿ, ಇನ್ನೂ ಇಳಿಸಿ, ಸಾಕು. ಒಂದು ದಿನ ಊಟದ ಡಬ್ಬಿ ಮರೆತು ಹೋಗಿದ್ದಳು, ಕೊಡಲು ಹೋದೆ, ಹೋದವಳು ಅಲ್ಲೇ ಕಲ್ಲಾಗಿ ನಿಂತೆ, ಯಾಕೆಂದರೆ ಆಕಾಶದಲ್ಲಿ ಒಂದು ಗೋಡೆ ತೇಲುತ್ತಿತ್ತು, ಗಾಜಿನ ಗೋಡೆ, ನಮ್ಮ ಮನೆಯ ಮುಂಭಾಗದಷ್ಟು ಅಗಲ, ಒಂದು ಹಗ್ಗಕ್ಕೆ ನೇತುಬಿದ್ದು ಮೋಡದ ಬಿಂಬ ಹೊತ್ತುಕೊಂಡು ಬರುತ್ತಿತ್ತು, ಮೇಲಿನ ಅಂತಸ್ತಿನಲ್ಲಿ ಗಂಡಸರು ಕೈ ಎತ್ತಿ ಕಾಯುತ್ತಿದ್ದರು. ಚೌಕಟ್ಟಿಗೆ ಒಂದು ಗೇಣು ಉಳಿದಿದೆ ಅನ್ನುವಾಗ ಅದು ನಿಂತಿತು. ಕೆಳಗೆ ವಾಕಿಟಾಕಿ ಹಿಡಿದವನು ಈಗ ಅಂದ, ಅವಳು ಇಳಿಸಲಿಲ್ಲ, ಮೇಲಿನಕ್ಕ ಈಗ ಅಂದ, ಇಳಿಸಲಿಲ್ಲ, ಆಮೇಲೆ ಎಲ್ಲಿಂದಲೋ ಗಾಳಿ ಬೀಸಿತು, ಗಾಜು ಒಮ್ಮೆ ಓಲಾಡಿತು, ಗಾಳಿ ಸುಮ್ಮನಾಯಿತು, ಆಗ ಇಳಿಸಿದಳು ನೋಡಿ, ಮಲಗಿದ ಮಗುವನ್ನು ಎಬ್ಬಿಸದೆ ಹಾಸಿಗೆಗೆ ಇಳಿಸಿದ ಹಾಗೆ. ವಾಕಿಟಾಕಿಯವನು ನನ್ನ ಕಡೆ ತಿರುಗಿ, ನಮ್ಮ ಮೇಲಿನಕ್ಕನಿಗೆ ಗಾಳಿ ಕಣ್ಣಿಗೆ ಕಾಣುತ್ತೆ ಕಣಮ್ಮ ಅಂದ. ಅವಳು ನನ್ನ ಸ್ವಂತ ಅಕ್ಕ ಅಂತ ಕೂಗಿ ಹೇಳಬೇಕು ಅನ್ನಿಸಿತು, ಊಟದ ಡಬ್ಬಿ ಅವನ ಕೈಗಿಟ್ಟೆ. ನಾನು ಜೀವಮಾನವೆಲ್ಲ ನೆಲದ ಮೇಲೆ ಕೂತು ಪರದೆಯ ಅಂಚು ಮಡಿಸಿದವಳು, ನನ್ನ ಪ್ರಪಂಚವೆಲ್ಲ ಮೊಣಕಾಲಿನ ಎತ್ತರಕ್ಕೆ ಮುಗಿಯುತ್ತದೆ, ಅವಳದು ಶುರುವಾಗುವುದೇ ಮೋಡದ ಹತ್ತಿರ.

ಅಲ್ಲಿ ಪ್ರತಿವರ್ಷ ಎಲ್ಲರ ಆರೋಗ್ಯ ನೋಡುತ್ತಾರೆ, ಕಣ್ಣು, ಕಿವಿ, ರಕ್ತ, ಎದೆಯ ಎಕ್ಸ್‌ರೇ, ಅಕ್ಕ ಅದನ್ನು ಹಲ್ಲುಜ್ಜುವಷ್ಟೇ ಹಗುರಾಗಿ ಮುಗಿಸಿ ಬರುತ್ತಿದ್ದವಳು. ಈ ಸಲ ಮತ್ತೊಮ್ಮೆ ಬನ್ನಿ ಅಂದರು. ಮತ್ತೊಮ್ಮೆ ಹೋದಳು, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಅಂದರು. ಆ ಮಾತು ಕೇಳಿದ್ದೇ ಹೊಲಿಗೆ ಪಕ್ಕಕ್ಕಿಟ್ಟು ನಾನೇ ಹೊರಟೆ, ಯಾರನ್ನಾದರೂ ಕರೆದುಕೊಂಡು ಬನ್ನಿ ಅಂತ ಒಳ್ಳೆಯ ಸುದ್ದಿಗೆ ಯಾರು ಹೇಳುತ್ತಾರೆ. ಎದೆಯ ಡಾಕ್ಟರು ದೀಪದ ಹಲಗೆಗೆ ಚಿತ್ರ ಸಿಕ್ಕಿಸಿದರು, ಕಪ್ಪು ಎದೆಗೂಡಿನಲ್ಲಿ ಬಿಳಿ ಗುಂಡಿಗಳು, ಎಡಕ್ಕೂ ಬಲಕ್ಕೂ, ಯಾರೋ ಗುಂಡಿ ಡಬ್ಬಿ ಬೀಳಿಸಿ ಹೆಕ್ಕದೆ ಬಿಟ್ಟ ಹಾಗೆ ಸಣ್ಣವು ದೊಡ್ಡವು, ಅಂಚು ಮಾತ್ರ ಎಲ್ಲದಕ್ಕೂ ಗುಂಡಗೆ ನುಣ್ಣಗೆ. ಕೆಮ್ಮು ಇದೆಯಾ ಅಂದರು, ಇಲ್ಲ ಅಂದಳು. ಉಸಿರಾಡಕ್ಕೆ ಕಷ್ಟ? ಇಲ್ಲ. ತೂಕ ಇಳಿದಿದೆಯಾ? ಇಳಿದಿದ್ರೆ ಏಣಿ ಹತ್ತಕ್ಕೆ ಅನುಕೂಲ ಆಗ್ತಿತ್ತು ಅಂದಳು ಅಕ್ಕ, ಡಾಕ್ಟರು ನಗಲಿಲ್ಲ. ಎಲ್ಲಿಂದಲೋ ಹರಡಿ ಬಂದಿರೋ ಹಾಗಿದೆ ಅಂದರು, ಮೇಜಿನ ಮೇಲಿನ ಪೆನ್ನನ್ನು ನೇರ ಮಾಡುತ್ತ, ಮೂಲ ಎಲ್ಲಿದೆ ಅಂತ ಹುಡುಕಬೇಕು. ಹುಡುಕಿದರು. ತಲೆಯಿಂದ ಕಾಲಿನವರೆಗೆ ಸುರಂಗದಂಥ ಯಂತ್ರದಲ್ಲಿ ಮಲಗಿಸಿ ಹುಡುಕಿದರು, ಸ್ತನ ನೋಡಿದರು, ಹೊಟ್ಟೆ ನೋಡಿದರು, ಕರುಳಿಗೆ ಕೊಳವೆ ಇಳಿಸಿದರು, ಎಲ್ಲೂ ಇಲ್ಲ, ಮೂಲವೇ ಇಲ್ಲ, ಎದೆಯಲ್ಲಿ ಮಾತ್ರ ಗುಂಡಿಗಳು. ಅಷ್ಟರಲ್ಲಿ ಕೆಲಸದ ಕಡೆಯಿಂದ ಮೇಲೆ ಹತ್ತಬೇಡಿ ಅಂದರು, ಅಕ್ಕನ ಕೈಗೆ ವಾಕಿಟಾಕಿ ಕೊಟ್ಟು ನೆಲದ ಮೇಲೆ ನಿಲ್ಲಿಸಿದರು, ಅವಳ ಗೂಡಿನಲ್ಲಿ ಬೇರೆ ಯಾರೋ. ಎದೆಯ ಚಿತ್ರ ನೋಡಿದಾಗ ಕದಲದವಳು ಅವತ್ತು ಮನೆಗೆ ಬಂದು ಊಟದ ತಟ್ಟೆ ಮುಂದೆ ಕೂತು, ಕತ್ತು ನೋಯುತ್ತೆ ಕಣೇ ಸೂಜಿ, ದಿನವಿಡೀ ಮೇಲಕ್ಕೆ ನೋಡಿ ಅಂದಳು, ಅಷ್ಟಕ್ಕೇ ಅವಳ ಕೆಳತುಟಿ ಅದುರಿತು.

ಆಮೇಲೆ ಸೂಜಿ ಚುಚ್ಚಿ ತೆಗೆದರು, ಬೆನ್ನಿನಿಂದ, ಉದ್ದ ಸೂಜಿ, ನನ್ನ ಹೆಸರಿನ ಮಾನ ಕಳೀತು ನೋಡು ಅಂದೆ, ನಕ್ಕಳು, ನಕ್ಕರೆ ನೋವು. ದಾರದ ಎಳೆಯಷ್ಟು ಚೂರು ಬಂದಿತ್ತು. ಗಡ್ಡೆಯ ಡಾಕ್ಟರು, ಅಂದರೆ ಕ್ಯಾನ್ಸರ್ ನೋಡುವವರು, ಮೆತ್ತಗೆ ಮಾತಾಡುವ ಮನುಷ್ಯ, ಮುಖದಲ್ಲಿ ನಿಜವಾದ ಕಳಕಳಿ, ಅದನ್ನು ನಾನು ಇಲ್ಲ ಅನ್ನಲಾರೆ, ಸ್ನಾಯುವಿನ ಥರದ ಜೀವಕೋಶ ಕಾಣ್ತಿದೆ ಅಂದರು, ಸ್ನಾಯುವಿನಲ್ಲಿ ಏಳೋ ಕೆಟ್ಟ ಜಾತಿ ಕ್ಯಾನ್ಸರೇ ಇರಬೇಕು, ತಡ ಮಾಡೋದು ಬೇಡ, ಬರೋ ವಾರ ಔಷಧಿ ಶುರು ಮಾಡೋಣ, ಕೂದಲು ಹೋಗುತ್ತೆ, ಸುಸ್ತಾಗುತ್ತೆ, ನಾವಿದ್ದೀವಿ. ಅಕ್ಕ ಕೇಳಿದಳು, ಇರಬೇಕು ಅಂದ್ರೆ? ಡಾಕ್ಟರು ಅಂದರು, ಎರಡೂ ಶ್ವಾಸಕೋಶದಲ್ಲಿ ಇಷ್ಟೊಂದು ಇದ್ದಾಗ ಬೇರೆ ಏನಾಗಿರಕ್ಕೆ ಸಾಧ್ಯ ಅಮ್ಮ. ಅದೇ ನಾನೂ ಕೇಳ್ತಿರೋದು, ಬೇರೆ ಏನಾಗಿರಬಹುದು? ಅಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತಳು, ನನಗೆ ಗೊತ್ತು ಆ ಕೂರುವಿಕೆ, ಚಿಕ್ಕಂದಿನಿಂದ ಗೊತ್ತು, ಇನ್ನು ಇವಳನ್ನು ಅಲುಗಾಡಿಸಲು ಇವಳದೇ ಕ್ರೇನು ಬೇಕು. ಡಾಕ್ಟ್ರೇ, ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ, ತೂಕ ಗೊತ್ತಿಲ್ಲದ್ದನ್ನ ನಾವು ಎತ್ತಲ್ಲ, ಯಾರು ಎಷ್ಟೇ ಅವಸರ ಮಾಡಲಿ, ಮೇಲಿನವರೇ ಬಂದು ಬೈಯಲಿ, ತೂಕ ಹೇಳಿ ಅಂತೀವಿ, ಹೇಳಿದ ಮೇಲೆ ಎಷ್ಟೇ ಭಾರ ಇದ್ರೂ ಎತ್ತೀವಿ. ಇದಕ್ಕೆ ಸರಿಯಾದ ಹೆಸರು ಹೇಳಿ, ಕೂದಲು ನಾನೇ ಬೋಳಿಸಿಕೊಂಡು ಬರ್ತೀನಿ.

ಮೆಟ್ಟಿಲ ಮೇಲೆ ನಾನು ಜಗಳ ತೆಗೆದೆ. ಹಾಳು ಪದ್ಧತಿ, ಇದೇನು ಸಿಮೆಂಟು ಮೂಟೆಯೇನೆ, ಅವರು ಓದಿದವರು ಹೇಳ್ತಿದಾರೆ, ನೀನು ಹಟ ಹಿಡಿದು ಕೂತರೆ ದಿನ ಓಡುತ್ತೆ, ಅದು ಬೆಳೆಯುತ್ತೆ, ಆಮೇಲೆ ನಾನೇನು ಮಾಡಲಿ, ಅಮ್ಮನ ಮುಖ ನಾನು ಹೇಗೆ ನೋಡಲಿ, ಜನ ಹತ್ತುತ್ತ ಇಳಿಯುತ್ತ ನಮ್ಮನ್ನು ಸುತ್ತಿಕೊಂಡು ಹೋಗುತ್ತಿದ್ದರು, ನಾನು ಮೆಟ್ಟಿಲ ಕಂಬಿ ಹಿಡಿದು ಬಿಕ್ಕುತ್ತಿದ್ದೆ. ಅಕ್ಕ ಒಂದು ಮೆಟ್ಟಿಲು ಕೆಳಗಿಳಿದು ನನ್ನ ಎದುರು ನಿಂತಳು, ಆಗ ನಮ್ಮಿಬ್ಬರ ಮುಖ ಒಂದೇ ಮಟ್ಟಕ್ಕೆ ಬಂತು. ನಂಗೂ ಹೆದರಿಕೆ ಇದೆ ಕಣೇ, ಅಂದಳು, ಕೈಯೆಲ್ಲ ತಣ್ಣಗಾಗಿದೆ ನೋಡು. ಹಿಡಿದೆ, ಮಂಜುಗಡ್ಡೆ. ಹೆದರಿಕೆ ಆದಾಗ್ಲೇ ಗಾಳಿ ನಿಲ್ಲೋತನಕ ಕಾಯಬೇಕು, ನನಗೆ ಬರೋದು ಅದೊಂದೇ ಕೆಲಸ. ಧೈರ್ಯ ಅಂದರೆ ಹೆದರಿಕೆ ಇಲ್ಲದಿರುವುದು ಅಂತ ನಾನು ಅಷ್ಟು ವರ್ಷ ತಿಳಿದಿದ್ದೆ, ಆ ತಣ್ಣನೆಯ ಕೈ ಹಿಡಿದಾಗ ಗೊತ್ತಾಯಿತು, ಅವಳು ಪ್ರತಿದಿನ ಹೆದರಿಕೊಂಡೇ ಏಣಿ ಹತ್ತುತ್ತಿದ್ದಳೇನೋ, ನಮಗೆ ಹೇಳಿರಲಿಲ್ಲ ಅಷ್ಟೇ. ಗಡ್ಡೆಯ ಡಾಕ್ಟರೂ ಯೋಚಿಸಿ ಒಪ್ಪಿದರು, ಸರಿ, ಪಕ್ಕೆಯಲ್ಲಿ ಸಣ್ಣ ತೂತು ಮಾಡಿ ಒಂದು ಗಡ್ಡೆಯನ್ನ ಇಡಿಯಾಗಿ ತೆಗೆದು ನೋಡೋಣ ಅಂದರು. ತೆಗೆದರು. ಅಕ್ಕ ಪಕ್ಕೆಗೆ ಕೊಳವೆ ಸಿಕ್ಕಿಸಿಕೊಂಡು ವಾರ್ಡಿನಲ್ಲಿ ಮಲಗಿದಳು, ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು, ಅಮ್ಮ ತಲೆಯ ಹತ್ತಿರ ಕೂತು ಹಟಮಾರಿ, ಹುಟ್ಟಾ ಹಟಮಾರಿ ಅಂತ ಬೈಯುತ್ತ ಬೈಯುತ್ತಲೇ ಹಣೆ ಸವರುತ್ತಿದ್ದಳು.

ಆಗಲೇ ಆ ಡಾಕ್ಟರು ಬಂದದ್ದು. ಕುಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಬೆರಳ ತುದಿಗಳಿಗೆ ಬೀಟ್‌ರೂಟು ಹೆಚ್ಚಿದ ಹಾಗೆ ಬಣ್ಣ ಮೆತ್ತಿತ್ತು, ಅಡುಗೆಯವರು ಅಂದುಕೊಂಡು ಅಮ್ಮ ಸಕ್ಕರೆ ಇಲ್ಲದ ಕಾಫಿ ಕೇಳಿಬಿಟ್ಟಳು. ಆಗಲಿ, ಹೇಳ್ತೀನಿ ಅಂದರು ಅವರು ಶಾಂತವಾಗಿ, ಆಮೇಲೆ ಅಕ್ಕನ ಕಡೆ ತಿರುಗಿ, ನಾನು ಕೆಳಗೆ ಪ್ರಯೋಗಾಲಯದಲ್ಲಿ ನಿಮ್ಮ ಗಡ್ಡೇನ ಗಾಜಿನ ಮೇಲಿಟ್ಟು ನೋಡ್ತಿರೋಳು, ನಮ್ಮ ಕಡೆಯವರು ಸಾಮಾನ್ಯವಾಗಿ ಮೇಲೆ ಬರಲ್ಲ, ಒಂದೇ ಒಂದು ಮಾತು ಕೇಳಬೇಕಿತ್ತು. ನಿಮ್ಮ ಗರ್ಭಕೋಶ ಇದೆಯಾ? ಅಮ್ಮ ಸೆರಗು ಬಾಯಿಗೆ ಹಿಡಿದಳು. ಅಕ್ಕ ಅಂದಳು, ಇಲ್ಲ, ತೆಗೆದು ವರ್ಷಾಂತರ ಆಯ್ತು, ಅದರಲ್ಲಿ ಗಡ್ಡೆ ಬೆಳೆದಿತ್ತು, ಕೆಟ್ಟದ್ದಲ್ಲ ಅಂದಿದ್ರು. ದಪ್ಪ ಕನ್ನಡಕದ ಹಿಂದೆ ಕಣ್ಣು ಹೇಗೆ ಅರಳಿತು, ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ಹಬೆಯಾಡುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖವೆಲ್ಲ ಬೆಳಕಾಯಿತು. ಆ ಗಡ್ಡೆಗಳ ಚೂರನ್ನ ಮೇಣದಲ್ಲಿ ಹುದುಗಿಸಿ ಇಟ್ಟಿರ್ತಾರೆ, ಆಸ್ಪತ್ರೆಗಳು ಎಸೆಯಲ್ಲ, ತರಕ್ಕಾಗುತ್ತಾ? ನಾನು ತರ್ತೀನಿ ಅಂದೆ, ಏನು ಎತ್ತ ಗೊತ್ತಿಲ್ಲದೆ. ಅವರು ಹೋದ ಮೇಲೆ ಅಮ್ಮ ಅಂದಳು, ಎದೆ ಕಾಯಿಲೆಗೂ ಅದಕ್ಕೂ ಏನು ಸಂಬಂಧ, ಆ ಸಂಕಟ ಮುಗಿದೇ ಹೋಯ್ತಲ್ಲ.

ಆ ಸಂಕಟ. ಎಷ್ಟು ರಕ್ತ ಹೋಗುತ್ತಿತ್ತು ಆಗ ಅಕ್ಕನಿಗೆ, ತಿಂಗಳ ಅರ್ಧ ದಿನ ಅದೇ, ಗೋಪುರದ ಮೇಲೆ ಗಂಟೆಗಟ್ಟಲೆ ಇಳಿಯುವ ಹಾಗಿಲ್ಲ, ನಾನು ಪರದೆಯ ಉಳಿಕೆ ಬಟ್ಟೆಯಲ್ಲಿ ದಪ್ಪ ದಪ್ಪ ಪಟ್ಟಿ ಮಡಿಸಿ ಎರಡೆರಡು ಸಲ ಹೊಲಿದು ಕೊಡುತ್ತಿದ್ದೆ, ಅದನ್ನು ಚೀಲದಲ್ಲಿ ತುಂಬಿಕೊಂಡು ಏಣಿ ಹತ್ತುತ್ತಿದ್ದಳು, ಮುಖ ಸುಣ್ಣದ ಗೋಡೆ, ಕೆಳಗಿನ ಗಂಡಸರಿಗೆ ಒಬ್ಬರಿಗೂ ಗೊತ್ತಿರಲಿಲ್ಲ ಮೇಲಿನಕ್ಕ ಯಾವ ಸ್ಥಿತಿಯಲ್ಲಿ ಅವರ ತಲೆಯ ಮೇಲೆ ಕಬ್ಬಿಣ ಇಳಿಸುತ್ತಿದ್ದಾಳೆ ಅಂತ, ಒಂದು ತೊಲೆ ಕೂಡ ಅಲುಗಿದ್ದಿಲ್ಲ. ಗರ್ಭಕೋಶ ತೆಗೆಯಬೇಕು ಅಂದಾಗ ಅಮ್ಮ ಅತ್ತದ್ದು ಅತ್ತದ್ದೇ, ನೀನು ಮದುವೆ ಬೇಡ ಅಂದೆ, ನಾನು ಸುಮ್ಮನಿದ್ದೆ, ಮಗು ಬೇಡ ಅಂದೆ ಸುಮ್ಮನಿದ್ದೆ, ಈಗ ಅದನ್ನೂ ಕಳಕೊಂಡು ಬರ್ತೀಯಾ, ಹೆಣ್ಣಿಗೆ ಇನ್ನೇನು ಉಳೀತು. ಎರಡು ಕೈ ಉಳಿದಿದೆ ಅಮ್ಮ, ಅಂದಿದ್ದಳು ಅಕ್ಕ. ನಾನಾಗಿದ್ದರೆ ಕಿರುಚಿಬಿಡುತ್ತಿದ್ದೆ, ಅವಳು ಹೇಳಿದ್ದು ಎಷ್ಟು ಮೆತ್ತಗೆ ಅಂದರೆ ಅಮ್ಮ ಆ ಕೈಗಳನ್ನೇ ಹಿಡಿದುಕೊಂಡು ಅಳುವುದು ಮುಂದುವರಿಸಿದಳು.

ಹಳೆಯ ಆಸ್ಪತ್ರೆ ಪಟ್ಟಣದ ಆಚೆ ತುದಿಯಲ್ಲಿ. ನೆಲಮಾಳಿಗೆಯಲ್ಲಿ ಕಬ್ಬಿಣದ ಕಪಾಟುಗಳ ಸಾಲು, ಸಾಲಿನ ನಡುವೆ ಒಬ್ಬ ಒರಟು ಮುದುಕ, ಸ್ವೆಟರಿನ ಮೊಣಕೈ ಹರಿದಿತ್ತು, ಹೆಸರು ವರ್ಷ ಕೇಳಿ ಒಳಗೆ ಹೋದವನು ಬರಲೇ ಇಲ್ಲ, ಕಪಾಟಿನ ಬಾಗಿಲು ತೆಗೆಯುವ ಸದ್ದು ಹಾಕುವ ಸದ್ದು, ನಾನು ಬಾಗಿಲಲ್ಲಿ ನಿಂತು ಮೈಯೆಲ್ಲ ಕಿವಿಯಾಗಿ, ಸಿಗದಿದ್ದರೆ, ಎಸೆದಿದ್ದರೆ, ಇಲಿ ತಿಂದಿದ್ದರೆ, ಮೇಣವನ್ನು ಇಲಿ ತಿನ್ನುತ್ತದಲ್ಲವೇ. ಬಂದ. ನಿಮ್ಮ ಪುಣ್ಯ, ಒದ್ದೆ ಗೋಡೆ ಹತ್ತಿರ ಇತ್ತು, ಆದ್ರೂ ಏನೂ ಆಗಿಲ್ಲ ಅಂದ, ನನ್ನ ಅಂಗೈ ಮೇಲೆ ಒಂದು ಪುಟ್ಟ ಡಬ್ಬಿ ಇಟ್ಟ. ಒಳಗೆ ಮೇಣದ ಬಿಲ್ಲೆಗಳು, ಸೋಪಿನ ಚೂರಿನಷ್ಟು, ಒಂದೊಂದರ ಎದೆಯಲ್ಲೂ ಬೂದು ಬಣ್ಣದ ಒಂದು ತುಣುಕು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈ ಮುಚ್ಚಿ ಕೂತೆ, ಬಿಸಿಲು ಬಿದ್ದು ಕರಗಿಬಿಟ್ಟರೆ ಅಂತ ಕಿಟಕಿಯ ಪಕ್ಕ ಕೂರಲಿಲ್ಲ. ಪಕ್ಕದ ಹೆಂಗಸು, ಸಿಹಿ ಏನಾದ್ರೂ ತಗೊಂಡು ಹೋಗ್ತಿದೀರಾ, ಅಷ್ಟು ಜೋಪಾನವಾಗಿ ಅಂದಳು. ನಮ್ಮಕ್ಕನ ಗರ್ಭಕೋಶ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ನಗು ಬಂತು, ತಡೆಯಲಾರದಷ್ಟು ನಗು, ಆಮೇಲೆ ಕಣ್ಣೀರು, ಆ ಹೆಂಗಸು ಪಾಪ ಇನ್ನೊಂದು ಸೀಟು ನೋಡಿಕೊಂಡಳು. ನಾನು ತೊಡೆಯ ಮೇಲಿನ ಡಬ್ಬಿಗೆ ಮಾತ್ರ ಕೇಳುವ ಹಾಗೆ, ಹೇಳಿಬಿಡು, ಏನು ಗೊತ್ತೋ ಅದನ್ನ ಹೇಳಿಬಿಡು ಅಂದೆ.

ಅದು ಹೇಳಿತು. ಇವತ್ತು, ಮಧ್ಯಾಹ್ನ, ಕೆಳಗಿನ ಪ್ರಯೋಗಾಲಯದಲ್ಲಿ, ಔಷಧಿಯ ಘಾಟು ಮೂಗಿಗೆ ಹೊಡೆಯುವ ಕೋಣೆಯಲ್ಲಿ. ಗಡ್ಡೆಯ ಡಾಕ್ಟರು ಗೋಡೆಗೆ ಒರಗಿ ನಿಂತಿದ್ದರು, ಗಾಜಿನ ಡಾಕ್ಟರು — ನಾವು ಮನೆಯಲ್ಲಿ ಅವರನ್ನು ಹಾಗೇ ಕರೆಯುವುದು — ಸೂಕ್ಷ್ಮದರ್ಶಕದ ಮುಂದೆ. ಅದಕ್ಕೆ ಎರಡು ಜೊತೆ ಕಣ್ಣು, ಅವರು ಒಂದು ಕಡೆಯಿಂದ ನೋಡಿದರೆ ನಾವು ಇನ್ನೊಂದು ಕಡೆಯಿಂದ. ನಾವು ಕುಳಿತ ಕೂಡಲೇ ಅವರು, ಮೊದಲು ಹೇಳಿಬಿಡ್ತೀನಿ, ಆಮೇಲೆ ತೋರಿಸ್ತೀನಿ ಅಂದರು, ಇದು ಕ್ಯಾನ್ಸರ್ ಅಲ್ಲ. ನನ್ನ ಕಾಲಿನ ಕೆಳಗೆ ನೆಲ ಇದೆಯೋ ಇಲ್ಲವೋ ನೋಡಿಕೊಂಡೆ. ನಿಮ್ಮ ಗರ್ಭಕೋಶದಲ್ಲಿ ಬೆಳೆದಿತ್ತಲ್ಲ, ಸ್ನಾಯುವಿನ ಗಡ್ಡೆ, ಸಾಧು ಗಡ್ಡೆ, ಅದರದೇ ಒಂದಿಷ್ಟು ಕಣ ರಕ್ತದ ಜೊತೆ ಹರಿದು ಹೋಗಿ ಎದೇಲಿ ಬಿಡಾರ ಹೂಡಿವೆ, ಯಾವಾಗ ಹೋದವು, ಹೇಗೆ ಹೋದವು ಅಂತ ಖಚಿತವಾಗಿ ಹೇಳೋರು ಯಾರೂ ಇಲ್ಲ, ತೀರಾ ಅಪರೂಪ, ಕೆಲವರಿಗೆ ಹೊಟ್ಟೆಯ ಗೋಡೇಲಿ, ಕೆಲವರಿಗೆ ಹಳೇ ಗಾಯದ ಗುರುತಿನ ಕೆಳಗೆ, ನಾನು ಪುಸ್ತಕದಲ್ಲಿ ಓದಿದ್ದೆ, ಗಾಜಿನ ಮೇಲೆ ನೋಡ್ತಿರೋದು ಇದೇ ಮೊದಲು. ಬನ್ನಿ ಅಂದರು. ಮೊದಲು ಅಕ್ಕ ಬಾಗಿದಳು, ಎಷ್ಟು ಹೊತ್ತು ನೋಡಿದಳೋ, ಆಮೇಲೆ ನನ್ನನ್ನು ಎಳೆದು ಕೂರಿಸಿದಳು. ಗುಲಾಬಿ. ಎಲ್ಲೆಲ್ಲೂ ಗುಲಾಬಿ ಎಳೆ, ಕಂತೆ ಕಂತೆಯಾಗಿ, ಒಂದು ಕಂತೆ ಅತ್ತ, ಒಂದು ಇತ್ತ, ಒಂದರ ಅಡಿಯಿಂದ ಇನ್ನೊಂದು ನುಸುಳಿ, ಎಳೆಯೆಳೆಗೂ ಒಂದೊಂದು ನೀಲಿ ಕಾಳು. ಇದು ಹಳೇದು, ಮೇಣದ್ದು, ಅಂದರು. ಗಾಜು ಬದಲಾಯಿಸಿದರು. ಇದು ಎದೆಯದ್ದು. ಅದೇ ಗುಲಾಬಿ, ಅದೇ ಕಂತೆ, ಅದೇ ನುಸುಳುವಿಕೆ, ಅದೇ ನೀಲಿ ಕಾಳು, ಒಂದೇ ಥಾನಿನ ಬಟ್ಟೆ ಅಂತ ನನ್ನ ಬಾಯಿಂದ ಬಂದುಬಿಟ್ಟಿತು, ಗಾಜಿನ ಡಾಕ್ಟರು ಮೇಜು ತಟ್ಟಿದರು, ಹೌದು, ಒಂದೇ ಥಾನು, ನಿಮ್ಮ ಥರಾನೇ ನನಗೂ ಮೊದಲು ಅನುಮಾನ ಬಂದಿದ್ದು ನೇಯ್ಗೆ ನೋಡಿ, ಎದೆಯ ಸ್ವಂತ ಸ್ನಾಯು ಹೀಗಿರಲ್ಲ, ಆಮೇಲೆ ಹೆಣ್ಣಿನ ಹಾರ್ಮೋನಿಗೆ ಓಗೊಡುತ್ತಾ ಅಂತ ಬಣ್ಣ ಹಾಕಿ ನೋಡಿದೆ, ಒಂದೊಂದು ಕಾಳೂ ಕಂದು ಬಣ್ಣ ಹಿಡಿದು ಕೂತಿತು. ಕೆಟ್ಟ ಗಡ್ಡೆ ಆಗಿದ್ರೆ ಜೀವಕೋಶ ಒಂದಕ್ಕೊಂದು ಹೊಂದಲ್ಲ, ಸಿಕ್ಕ ಕಡೆ ಒಡೆದು ಹೆಚ್ಚುತ್ತೆ, ಪಕ್ಕದ್ದನ್ನ ತಿನ್ನುತ್ತೆ. ಇದು ನೋಡಿ, ಬಂದಿರೋದು ಪರಸ್ಥಳ, ಸುತ್ತಾ ಇರೋದು ಬರೀ ಗಾಳಿ ಚೀಲ, ಆದ್ರೂ ತನ್ನ ಅಚ್ಚುಕಟ್ಟು ಬಿಟ್ಟಿಲ್ಲ.

ಅಚ್ಚುಕಟ್ಟು ಬಿಟ್ಟಿಲ್ಲ. ನಾನು ಮತ್ತೊಮ್ಮೆ ಬಾಗಿ ನೋಡಿದೆ. ಅಷ್ಟು ತಿಂಗಳು ಶಾಪ ಹಾಕಿದ್ದೆ ಅದಕ್ಕೆ, ಸುಟ್ಟುಹೋಗಲಿ ಅಂದಿದ್ದೆ, ಈಗ ನೋಡಿದರೆ ಅದಕ್ಕೆ ಯಾರ ಮೇಲೂ ಹಗೆ ಇಲ್ಲ, ಬಸುರಿ ಹೊಟ್ಟೆ ಹಿಗ್ಗಿಸಲು, ಕೂಸನ್ನು ತಳ್ಳಿ ಹೊರಗೆ ತರಲು ಆದ ಸ್ನಾಯು, ಅದಕ್ಕೆ ಆ ಕೆಲಸ ಸಿಗಲೇ ಇಲ್ಲ, ಹೊತ್ತೊಯ್ದು ಬೇರೆಲ್ಲೋ ಇಳಿಸಿದ ಮೇಲೂ ಎಳೆಗೆ ಎಳೆ ಸೇರಿಸುತ್ತ ಕಂತೆಗೆ ಕಂತೆ ಕೂಡಿಸುತ್ತ ತನಗೆ ಗೊತ್ತಿದ್ದ ಒಂದೇ ಕಸುಬನ್ನು ಮಾಡಿಕೊಂಡು ಕೂತಿದೆ. ಚೆನ್ನಾಗಿದೆ ಅಲ್ವಾ, ಅಂದಳು ಅಕ್ಕ, ಪಕ್ಕದಿಂದ, ಅವಳ ದನಿ ಅಷ್ಟು ಸಣ್ಣಗೆ ಇದ್ದದ್ದನ್ನು ನಾನು ಯಾವತ್ತೂ ಕೇಳಿಲ್ಲ. ಅವತ್ತು ಗರ್ಭಕೋಶ ತೆಗೆದ ಮೇಲೆ ಒಂದು ಸಲ ತೋರಿಸಿ ಅಂದಿದ್ದೆ ಅಲ್ಲಿನವರಿಗೆ, ಅದನ್ನೇನು ನೋಡ್ತೀರಾ ಮಲಗಿ ಅಂದ್ರು, ನನ್ನದೇ ಅದು, ನಾನೇ ನೋಡಿರಲಿಲ್ಲ. ಗಾಜಿನ ಡಾಕ್ಟರು ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಕೊಟ್ಟರು, ಗಾಜು ಜರುಗಿಸುವ ತಿರುಪು ಅವಳ ಕೈಗೆ ಕೊಟ್ಟರು, ನೀವೇ ಓಡಾಡಿಸಿ ನೋಡಿ, ಎಷ್ಟು ಹೊತ್ತು ಬೇಕಾದ್ರೂ. ಕ್ರೇನಿನ ಕೈ, ಕೂದಲೆಳೆಯಷ್ಟು ಜರುಗಿಸುವುದು ಆ ಕೈಗೆ ಯಾರೂ ಹೇಳಿಕೊಡಬೇಕಿಲ್ಲ, ನಿಧಾನ, ಅಷ್ಟು ನಿಧಾನವಾಗಿ ತನ್ನ ಗರ್ಭದ ಮೇಲೆ ತಾನೇ ತೇಲುತ್ತ ಹೋದಳು ಅಕ್ಕ. ಗೋಡೆಗೆ ಒರಗಿದ್ದ ಗಡ್ಡೆಯ ಡಾಕ್ಟರು ಆಗ ಮಾತಾಡಿದರು, ನಾನು ಶುರು ಮಾಡಿಬಿಡ್ತಿದ್ದೆ ಅಮ್ಮ, ನೀವು ನಿಲ್ಲಿಸಿದ್ದು ಒಳ್ಳೇದಾಯ್ತು. ಇಂಥ ಮಾತು ಹೇಳಲು ದೊಡ್ಡ ಮನಸ್ಸು ಬೇಕು, ಅವರ ಕಿವಿ ಕೆಂಪಾಗಿತ್ತು. ನೀವು ಕಾದಿರಲ್ಲ ಡಾಕ್ಟ್ರೇ, ಅಂದಳು ಅಕ್ಕ, ಕಣ್ಣು ತೆಗೆಯದೆ, ಎಷ್ಟೋ ಜನ ಕಾಯಲ್ಲ.

ಎದೆಯಲ್ಲಿ ಉಳಿದವು ಉಳಿದೇ ಇರುತ್ತವೆ, ಎಲ್ಲವನ್ನೂ ಕಿತ್ತರೆ ಎದೆಯೇ ಉಳಿಯುವುದಿಲ್ಲವಂತೆ. ಹಾರ್ಮೋನು ನಿಲ್ಲಿಸುವ ಚುಚ್ಚುಮದ್ದು ಕೊಡುತ್ತಾರೆ, ಮೇವು ಸಿಗದೆ ಕುಗ್ಗಬಹುದು, ಕುಗ್ಗದಿದ್ದರೆ ಅಂಡಾಶಯ ತೆಗೆಯುವ ಮಾತು, ಆಗಾಗ ಚಿತ್ರ ತೆಗೆದು ನೋಡುತ್ತಿರಬೇಕು, ಬೆಳೆದವೋ ಮಲಗಿದವೋ ಅಂತ, ಮೈ ಬೆವರುತ್ತೆ, ನಿದ್ದೆ ಕೆಡುತ್ತೆ, ಸಿಡಿಸಿಡಿ ಆಗುತ್ತೆ ಅಂದರು, ಅದು ಈಗಲೂ ಇದೆ ಅಂದೆ ನಾನು, ಅಕ್ಕ ನನ್ನ ಕಾಲು ತುಳಿದಳು. ಮತ್ತೆ ಅವಳು ಕೇಳಿದ್ದು ಒಂದೇ, ಮೇಲೆ ಹತ್ತಬಹುದಾ? ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಪಕ್ಕೆಯ ಗಾಯ ಮಾಯಲಿ, ಉಸಿರಿನ ಪರೀಕ್ಷೆ ಮಾಡೋಣ, ಅದು ಸರಿ ಇದ್ರೆ ನಮ್ಮದೇನೂ ಅಡ್ಡಿ ಇಲ್ಲ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಬೆಣ್ಣೆ ಹಚ್ಚಿದ ಬ್ರೆಡ್ಡು ತಿಂದಳು, ಸಾಲದೆ ಮತ್ತೆ ತರಿಸಿ ತಿಂದಳು, ನನ್ನ ತಟ್ಟೆಯದ್ದನ್ನೂ ತಿಂದಳು, ಬಾಯಿ ತುಂಬ ಇಟ್ಟುಕೊಂಡೇ ಅತ್ತಳು, ಅಳುತ್ತಳುತ್ತಲೇ ಅಗಿದಳು, ನಾನು ಕರವಸ್ತ್ರ ಅವಳ ತಟ್ಟೆಯ ಪಕ್ಕ ಇಟ್ಟೆ.

ಫೋನು. ಅಮ್ಮನೇ. ತಾಳಲಾರದೆ ಮಾಡಿದ್ದಾಳೆ. ಬಾಯಿಗೆ ಕೈ ಅಡ್ಡ ಹಿಡಿದು, ಅಮ್ಮ, ಅವಳು ಮಲಗಿದಾಳೆ, ಮೆತ್ತಗೆ ಹೇಳ್ತೀನಿ ಕೇಳು, ಕ್ಯಾನ್ಸರ್ ಅಲ್ಲ. ಅಮ್ಮ, ಕೇಳಿಸ್ತಾ? ಕೇಳಿಸ್ತು, ಇನ್ನೊಂದು ಸಲ ಹೇಳು. ಕ್ಯಾನ್ಸರ್ ಅಲ್ಲ ಅಮ್ಮ. ಮತ್ತೆ ಆ ಉಂಡೆಗಳೆಲ್ಲ ಏನು? ಗರ್ಭಕೋಶದ ಗಡ್ಡೆ. ಏನಂದೆ? ಗರ್ಭಕೋಶದ್ದು, ಅವತ್ತಿನದ್ದು. ಅದನ್ನ ಅವತ್ತೇ ತೆಗೆದ್ರಲ್ಲೇ! ತೆಗೆದ್ರು, ಒಂದಿಷ್ಟು ತಪ್ಪಿಸಿಕೊಂಡು ಎದೆಗೆ ಹೋಗಿದೆ, ಅಲ್ಲೇ ಇದೆ ಇಷ್ಟು ವರ್ಷದಿಂದ, ಯಾರಿಗೂ ತೊಂದರೆ ಕೊಡದೆ. ಆ ಕಡೆ ನೀರು ಕುದಿಯುವ ಸದ್ದು ಕೇಳುತ್ತಿದೆ 'ಬುಳು ಬುಳು' ಅಂತ, ಒಲೆ ಆರಿಸಲೂ ತೋಚಿಲ್ಲ ಅವಳಿಗೆ. ಆಮೇಲೆ ಅಂದಳು, ಅಲ್ಲ ಕಣೇ, ಇವಳೇ ಒಂದು ಕಡೆ ನೆಲದ ಮೇಲೆ ಕೂತೋಳಲ್ಲ, ಇವಳ ಗಡ್ಡೆ ಕೂರುತ್ತಾ, ಅದೂ ಮೇಲಕ್ಕೇ ಹತ್ತಿದೆ. ನಾನು ನಕ್ಕುಬಿಟ್ಟೆ, ಅಮ್ಮನೂ ನಕ್ಕಳು, ನಗುತ್ತ ನಗುತ್ತ ಅವಳ ದನಿ ಒಡೆಯಿತು, ನಾನು ಅವತ್ತು ಇನ್ನೇನು ಉಳೀತು ಅಂದಿದ್ದೆ ಅಲ್ವೇನೇ, ಅಂದಳು, ಹೂಂ ಅಮ್ಮ ಅಂದೆ, ಅವಳಿಗೆ ಹೇಳು, ಅಂದಳು, ಏನು ಹೇಳಬೇಕು ಅಂತ ಹೇಳದೆಯೇ ಇಟ್ಟುಬಿಟ್ಟಳು. ಬಸ್ಸು ಸೇತುವೆ ಹತ್ತಿತು, ಹೊರಗೆ ಚಳಿ ಇಳಿದಿದೆ, ನದಿಯ ಮೇಲೆ ಬೆಳಕು ಬೂದಿಯಾಗುತ್ತಿದೆ. ಅಕ್ಕನ ಶಾಲು ಜಾರಿದೆ, ಹೊದಿಸೋಣ ಅಂತ ಮುಂದಕ್ಕೆ ಬಾಗಿದೆ, ಬಾಗಿದಾಗ ಅವಳ ಮುಖ ಕಂಡಿತು, ಹಣೆ ಗಾಜಿಗೆ ಒತ್ತಿದೆ, ತುಟಿ ಒಂಚೂರು ತೆರೆದಿದೆ, ತುಟಿಯ ಎದುರು ತಣ್ಣನೆಯ ಗಾಜಿನ ಮೇಲೆ ಒಂದು ಬಿಳಿ ಮಬ್ಬು, ತಟ್ಟೆಯಷ್ಟು ಅಗಲ, ಅಂಚಿನಿಂದ ಕರಗುತ್ತ ಕರಗುತ್ತ ಕಾಸಿನಷ್ಟಾಗಿ, ಅದೂ ಇಲ್ಲವಾಗಿ — ನನ್ನ ಕೈ ಶಾಲು ಹಿಡಿದು ಅಲ್ಲೇ ನಿಂತಿದೆ — ಮತ್ತೆ ಬಂತು, ಅಗಲವಾಗಿ, ಬೆಳ್ಳಗೆ. ಕರಗಿತು. ಬಂತು. ಆ ಗುಂಡಿಗಳೆಲ್ಲ ಇರುವ ಎದೆಯಿಂದಲೇ, ಅವುಗಳ ಮಗ್ಗುಲಲ್ಲೇ ಹಾದು. ಕರಗಿತು. ಗಾಜಿನ ಮೇಲೆ ಬಿಳಿ ಮಬ್ಬು, ಬಂತು.